ಕಸ್ತೂರಿಯ ಕೊರಳ ಟೀಕಿ

ನಾನು ಟೀಕಿ. ಹೆಂಗಸರು ಕೊರಳಿಗೆ ಒತ್ತಿ ಕಟ್ಟಿಕೊಳ್ಳುವ ಒಡವೆ. ಉಳಿದ ಸರಗಳು ಎದೆಯ ಮೇಲೆ, ಹೊಟ್ಟೆಯ ಮೇಲೆ ಕಾಲು ಚಾಚಿ ಬಿದ್ದುಕೊಂಡು ಊರು ನೋಡುತ್ತವೆ. ನನಗೆ ಆ ಪುಣ್ಯವಿಲ್ಲ. ನನ್ನ ಬೆನ್ನಿಗೆ ಯಾವಾಗಲೂ ಒಬ್ಬಳ ಕೊರಳು. ಅವಳು ಉಗುಳು ನುಂಗಿದರೆ ನನಗೆ ಗೊತ್ತು, ಅಳು ನುಂಗಿದರೂ ಗೊತ್ತು. ಮೂಗಿಗೆ ಹತ್ತಿರ, ಬಾಯಿಗೆ ಹತ್ತಿರ, ಆದರೆ ನನಗೇ ಒಂದು ಬಾಯಿಲ್ಲ. ಅದರಿಂದ ಆದ ಸಂಕಟವನ್ನೇ ಹೇಳಲು ಹೊರಟಿದ್ದೇನೆ.

ನಾನು ಹುಟ್ಟಿದ್ದು ಗುಳೇದಗುಡ್ಡದ ಒಬ್ಬ ಪತ್ತಾರನ ಕುಲುಮೆಯಲ್ಲಿ. ನನಗೆ ಹಾಕಿದ ಬಂಗಾರದ ತಗಡು ಎಷ್ಟು ತೆಳುವಾಗಿತ್ತೆಂದರೆ, ಆ ಪತ್ತಾರ ಅವತ್ತು ಸೀನಿದ್ದರೆ ನಾನು ಹಾರಿಹೋಗಿ ಬಾದಾಮಿಯಲ್ಲಿ ಬೀಳುತ್ತಿದ್ದೆ. ಮಣಿಗಳ ಹೊಟ್ಟೆಯ ತುಂಬ ಅರಗು. ಬೆನ್ನಿಗೆ ಕೆಂಪು ರೇಷ್ಮೆಯ ಮೆತ್ತೆ, ಹಿಂದೆ ಕಟ್ಟಲು ದಾರದ ಕುಣಿಕೆ. ಇಷ್ಟೇ ನಾನು. ಆದರೆ ನನ್ನನ್ನು ಮೊದಲು ಕಟ್ಟಿಕೊಂಡ ಬನವ್ವ ಊರಿಗೆ ಹೇಳಿದ್ದು ಬೇರೆ. "ನನ್ನ ಟೀಕಿ ಮಾರಿದ್ರ ಅರ್ಧ ಗುಳೇದಗುಡ್ಡ ಬರ್ತೈತಿ. ಉಳಿದರ್ಧ ನನಗ ಬ್ಯಾಡ, ಬರೇ ಕಲ್ಲು" ಎನ್ನುತ್ತಿದ್ದಳು.

ಬನವ್ವನ ಗಂಡ ಕುಬುಸದ ಕಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿದ್ದ. ಅವನ ಮಗ್ಗದ ಸದ್ದು, ಬನವ್ವನ ಬಾಯಿಯ ಸದ್ದು, ಇವೆರಡರಲ್ಲಿ ಯಾವುದು ಮೊದಲು ಏಳುತ್ತದೆ, ಯಾವುದು ಕೊನೆಗೆ ಮಲಗುತ್ತದೆ ಎಂದು ಓಣಿಯವರು ಬಾಜಿ ಕಟ್ಟುತ್ತಿದ್ದರು. ಆ ಕೊರಳಿನಲ್ಲಿ ಕೂತು ನಾನು ನಾಡಿ ಕೇಳುವುದನ್ನು ಕಲಿತೆ. ಸುಖವಾಗಿರುವ ಕೊರಳಿನ ನಾಡಿ ನುರಿತ ನೇಕಾರನ ಮಗ್ಗದಂತೆ, ಟಪ್ಪೆಂದು ಒಂದು, ಸ್ವಲ್ಪ ಬಿಟ್ಟು ಇನ್ನೊಂದು.

ಒಂದು ದಿನ ಬನವ್ವನ ಗಂಡ ಮಗ್ಗದ ಮೇಲೆ ಬಗ್ಗಿದವನು ಏಳಲಿಲ್ಲ. ಹೆಂಗಸರು ಬಂದು ಬನವ್ವನ ಬಳೆ ಒಡೆದರು, ಕುಂಕುಮ ಅಳಿಸಿದರು, ನನ್ನನ್ನೂ ಬಿಚ್ಚಿದರು. ಹಾಗೆ ನೋಡಿದರೆ ಅವಳ ಜೊತೆ ನಾನೂ ವಿಧವೆಯಾದೆ. ಅವರು ನನ್ನನ್ನು ಒಂದು ಸ್ಟೀಲಿನ ಡಬ್ಬಿಯೊಳಗೆ ಹಾಕಿ ಜೋಳದ ಪೀಪಾಯಿಯಲ್ಲಿ ಹೂತಿಟ್ಟರು. ಬನವ್ವ ಆಮೇಲೆ ಆ ಡಬ್ಬಿಯ ಮುಚ್ಚಳವನ್ನು ಮುಟ್ಟಲಿಲ್ಲ. ಮುತ್ತೈದೆಯರ ಒಡವೆಗೆ, ಮುತ್ತೈದೆಯರ ಕೊರಳಿಗೆ ತನ್ನ ಕೈ ತಾಗಬಾರದು ಎಂಬ ನೇಮ ಹಿಡಿದಳು. ಯಾರೂ ಹೇಳಿರಲಿಲ್ಲ, ತಾನೇ ಹಿಡಿದಳು. ಬಾಯಿಗೆ ಮಾತ್ರ ಯಾವ ನೇಮವನ್ನೂ ಹಾಕಿಕೊಳ್ಳಲಿಲ್ಲ.

ವರ್ಷಗಳು ಹೋದವು. ನುಸಿಗಳೊಡನೆ ಬದುಕು ಕಳೆಯಿತು. ಬನವ್ವನ ಮಗ ಹುಚ್ಚೇಶ ಅಪ್ಪನ ಮಗ್ಗಕ್ಕೆ ಕೂತ. ಅವನಿಗೆ ಕಮತಗಿಯಿಂದ ಕಸ್ತೂರಿಯನ್ನು ತಂದರು. ಮದುವೆಯ ದಿನ ಎದುರುಮನೆಯ ಶಾಂತವ್ವ ನನ್ನನ್ನು ಅವಳ ಕೊರಳಿಗೆ ಕಟ್ಟಿದಾಗ ಒಂದು ಬೆರಳು ಆರಾಮಾಗಿ ಹೋಗುವಷ್ಟು ಜಾಗ ಉಳಿದಿತ್ತು. ತಂಪು ಕೊರಳು, ತಣ್ಣನೆಯ ನಾಡಿ. ಬನವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಕೊಳ್ಳು ಕೊಕ್ಕರೀದು ಆದಂಗ ಐತಿ, ಟೀಕಿ ಇನ್ನೂ ನಾಕು ಕಟ್ಟಬೌದು" ಎಂದಳು. ಕಸ್ತೂರಿ ನಕ್ಕಳು. ಆ ನಗು ನನ್ನ ಬೆನ್ನಿಗೆ ತಾಗಿತು. ಈ ಸೊಸೆ ಈ ಅತ್ತೆಯ ಕೈಯಲ್ಲಿ ಬದುಕುತ್ತಾಳೆ ಎಂದುಕೊಂಡೆ.

ಮೊದಲ ಬಸಿರು ನಿಲ್ಲಲಿಲ್ಲ. ಮೂರು ತಿಂಗಳಲ್ಲೇ ಹೋಯಿತು. ಮದುವೆಯಾದ ಮೇಲೆ ನನ್ನನ್ನು ಬಿಚ್ಚಿಟ್ಟಿದ್ದರು, ಆಗ ನಾನು ಡಬ್ಬಿಯಲ್ಲಿದ್ದೆ. ಪೀಪಾಯಿಯಿಂದ ಜೋಳ ತೆಗೆಯಲು ಬಂದ ಕಸ್ತೂರಿ ಪೀಪಾಯಿಯ ಬಾಯಿಗೆ ಮುಖ ಇಟ್ಟು ಅತ್ತಳು. ಜೋಳಕ್ಕೂ ನನಗೂ ಬಿಟ್ಟು ಮತ್ತೆ ಯಾರಿಗೂ ಅದು ಕೇಳಲಿಲ್ಲ.

ಎರಡನೆಯದು ನಿಂತಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದರು. ಬನವ್ವ ಬನಶಂಕರಿಗೆ ಹರಕೆ ಹೊತ್ತಳು: ಗುಡಿಯ ಅರಿಸಿನದಾರವನ್ನು ನನ್ನ ಕುಣಿಕೆಗೆ ಸುತ್ತಿ ಸೊಸೆಯ ಕೊರಳಿಗೆ ಕಟ್ಟುವುದು, ಕೂಸು ತೊಟ್ಟಿಲಿಗೆ ಬರುವ ತನಕ ಬಿಚ್ಚದಿರುವುದು. ಕಟ್ಟಿದವಳು ಮತ್ತೆ ಶಾಂತವ್ವನೇ. ಬನವ್ವ ದೂರ ನಿಂತು, "ಗಟ್ಟಿ ಕಟ್ಟ ಶಾಂತಿ, ಮಂದಿ ಕಣ್ಣು ನುಸುಳಬಾರದು" ಎಂದಳು. ಈಗ ಮದುವೆಯ ದಿನದ ಸಡಿಲು ಇರಲಿಲ್ಲ. ಬೆರಳು ಕಷ್ಟಪಟ್ಟು ಹೋಗುತ್ತಿತ್ತು.

ಕಟ್ಟಿದ ಗಳಿಗೆಯಲ್ಲೇ ನಾನು ಬೆಚ್ಚಿದೆ. ನಾಡಿ ನಡೆಯುತ್ತಿರಲಿಲ್ಲ, ಓಡುತ್ತಿತ್ತು. ಒಂದು ಹೋಗಿದೆ, ಇದು ಹೊಸ ಬಸಿರು, ಹೆದರಿಕೆ ಇರಬಹುದು ಎಂದುಕೊಂಡೆ. ಕಸ್ತೂರಿ ಮಲಗಿದಳು. ನಾಡಿ ಮಲಗಲಿಲ್ಲ. ನೇಕಾರನೇ ಇಲ್ಲದ ಮಗ್ಗದಲ್ಲಿ ಲಾಳಿ ತಾನಾಗಿ ಓಡಾಡುತ್ತಿರುವ ಹಾಗೆ, ನಿದ್ದೆಯಲ್ಲೂ ಅದು ಹೊಡೆದುಕೊಳ್ಳುತ್ತಲೇ ಇತ್ತು.

ದಿನ ಕಳೆದಂತೆ ನಾನು ಬಿಗಿಯಾಗುತ್ತಾ ಬಂದೆ. ನಾನು ಚಿಕ್ಕದಾಗುತ್ತಿದ್ದೇನೋ, ಕೊರಳು ದೊಡ್ಡದಾಗುತ್ತಿತ್ತೋ? ಮೆತ್ತೆ ಸದಾ ಬೆವರಿನಲ್ಲಿ ನೆನೆದಿರುತ್ತಿತ್ತು. ಚಳಿಗಾಲದಲ್ಲಿ ಊರೆಲ್ಲ ಕಂಬಳಿ ಹೊದ್ದಿದ್ದರೆ ಕಸ್ತೂರಿ ಬರೀ ನೆಲದ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗುತ್ತಿದ್ದಳು. ಮೂರು ರೊಟ್ಟಿ ಉಣ್ಣುವವಳು ಆರು ಉಂಡಳು. ಆದರೂ ರವಿಕೆ ತೋಳಿನಲ್ಲಿ ಜೋತಾಡಿತು. ಕಣ್ಣುಗಳು ಮಾತ್ರ ದೊಡ್ಡವಾಗುತ್ತಾ ಹೋದವು.

ಗಂಡ ನೇಯಲು ಲಾಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ರಾಟಿಯ ಮೇಲೆ ಸುತ್ತಿಕೊಡುವುದು ಅವಳ ಕೆಲಸ. ಅವಳ ಕೈಯಲ್ಲಿ ರೇಷ್ಮೆ ಎಂದೂ ಹರಿದದ್ದಿಲ್ಲ. ಈಗ ಕೈ ನಡುಗಿ ಎಳೆ ತುಂಡಾಗುತ್ತಿತ್ತು. ಗಂಟು ಹಾಕಲು ಹೋದರೆ ಗಂಟೂ ಕೂರುತ್ತಿರಲಿಲ್ಲ.

"ಏನವಾ, ನೂಲಿನ ಮ್ಯಾಲೆ ಸಿಟ್ಟು ಮಾಡೀಯೇನು?" ಬನವ್ವ ಜೋಳ ಹಸನು ಮಾಡುತ್ತಾ ಕೇಳಿದಳು. "ನಿನ್ನ ಗಂಡ ಇವತ್ತು ಕಣ ನೇಯಾಕತ್ತಿಲ್ಲ, ಬರೇ ಗಂಟು ನೇಯಾಕತ್ತಾನ."

"ಕೈ ಹಿಡಿತಕ್ಕ ಬರವಲ್ದ್ರಿ ಅತ್ತಿ. ಎದಿ ಡಬಡಬ ಅಂತೈತ್ರಿ."

"ಬಸುರಂದ್ರ ಹಂಗ. ಹುಚ್ಚೇಶ ಹೊಟ್ಯಾಗ ಇದ್ದಾಗ ನನ್ನ ಎದಿ ಸಪ್ಪಳಕ್ಕ ಗುಡ್ಡದ ಮ್ಯಾಲಿನ ಮಂಗ್ಯಾಗೋಳು ಎದ್ದು ಕುಂದರತಿದ್ದು."

ಸುಳ್ಳು. ಆಗ ಅವಳ ಕೊರಳಿನಲ್ಲಿ ನಾನೇ ಇದ್ದೆ. ಅವಳ ನಾಡಿ ಸ್ವಲ್ಪ ಜೋರಾಗಿತ್ತು, ಅಷ್ಟೇ. ಹೀಗಿರಲಿಲ್ಲ. ಇದು ಹಾಗಲ್ಲ, ಇದು ಹಾಗಲ್ಲ ಎಂದು ನಾನು ಎಷ್ಟು ಕೂಗಿದರೂ ಅದು ಅರಗಿನ ಹೊಟ್ಟೆಯೊಳಗೇ ಉಳಿಯಿತು.

ಬಸುರಿಯರನ್ನು ತಪಾಸಣೆ ಮಾಡುವ ಕಡೆಗೂ ಹೋದರು. ಅಲ್ಲಿಯ ಸಿಸ್ಟರ್ ಏನು ಕೇಳಿದರೂ ಸೊಸೆಯ ಬದಲು ಬನವ್ವನೇ ಉತ್ತರ ಕೊಟ್ಟಳು. ತೂಕ ಏರಿಲ್ಲವಲ್ಲ ಎಂದರೆ, "ನಮ್ಮ ಮನಿತಾನದಾಗ ಬಸುರ್ಯಾರು ಮೈ ಇಳೀತಾರ್ರಿ, ಕೂಸು ಗಟ್ಟಿ ಬರ್ತೈತಿ" ಎಂದಳು. ಸೆರಗು ಕೊರಳ ತನಕ ಹೊದ್ದಿತ್ತು. ಸೆರಗಿನ ಕೆಳಗೆ ನಾನಿದ್ದೆ. ನನ್ನ ಕೆಳಗೆ ಏನಿದೆ ಎಂದು ಯಾರೂ ನೋಡಲಿಲ್ಲ.

ನಾನು ಅವಳ ಉಸಿರು ಕಟ್ಟುವಷ್ಟು ಬಿಗಿಯಾದಾಗ ಪಟವೇಗಾರ ಮಾರುತಿಯನ್ನು ಕರೆಸಿದರು. ಒಡವೆಗೆ ರೇಷ್ಮೆದಾರ ಪೋಣಿಸುವುದು ಅವನ ಕಸುಬು. ಹರಕೆಯ ಟೀಕಿ, ಬಿಚ್ಚುವ ಹಾಗಿಲ್ಲ. ಅವನು ಕಸ್ತೂರಿಯ ಬೆನ್ನ ಹಿಂದೆ ಕೂತು, ಕೊರಳಿನ ಮೇಲೆ ಇದ್ದ ಹಾಗೇ ಕುಣಿಕೆಯನ್ನು ಉದ್ದ ಮಾಡಿದ. "ತಂಗೀ ಕೊಳ್ಳು ತುಂಬಿ ಬಂದೈತಿ, ಲಕ್ಷಣ ಆತು" ಎಂದ. ಓಣಿಯ ಹೆಂಗಸರಿಗೆ ಅದೇ ಮಾತು ಸಾಕಾಯಿತು. ಕೊರಳು ತುಂಬಿದೆ, ಕಣ್ಣು ದೇವಿಯ ಕಣ್ಣಾಗಿದೆ, ಇನ್ನೇನು ಬೇಕು ಎಂದರು. ಬನವ್ವ ದೂರದಿಂದಲೇ ನೋಡಿ ಹಿಗ್ಗಿದಳು.

ಐದನೆಯ ತಿಂಗಳಲ್ಲಿ ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮಾಡಿದರು. ಹಸಿರು ಸೀರೆ, ಹುಚ್ಚೇಶ ತಾನೇ ನೇಯ್ದ ಕಣದ ರವಿಕೆ. ಬಳೆಗಾರ್ತಿ ತೊಡಿಸಿದ ಬಳೆಗಳು ಕೈ ಎತ್ತಿದರೆ ಮೊಳಕೈಗೆ, ಇಳಿಸಿದರೆ ನೆಲಕ್ಕೆ ಹೊರಟವು. ಚಿಕ್ಕ ಅಳತೆಯವು ತೊಡಿಸಿದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಗಲ್ಲಕ್ಕೆ, ಕೊರಳಿಗೆ ಅರಿಸಿನ ಹಚ್ಚಿದರು. ಎಲ್ಲರ ಬೆರಳೂ ಕೊರಳನ್ನು ಸವರಿ, ಕ್ಷಣದಲ್ಲೇ ಎದ್ದು, ಹೋಳಿಗೆಯ ಕಡೆ ಹೋದವು. ಕಸ್ತೂರಿ ನಗುತ್ತಾ ಕೂತಿದ್ದಳು. ಅವಳ ನಾಡಿ ನನ್ನ ಮಣಿಗಳನ್ನು ಒಂದಕ್ಕೊಂದು ಬಡಿಸುತ್ತಿತ್ತು. ಬನವ್ವ ಅಡುಗೆಮನೆಯ ಬಾಗಿಲು ದಾಟಲಿಲ್ಲ.

ಮಂದಿ ಹೋದ ಮೇಲೆ ಕಸ್ತೂರಿ ಬಚ್ಚಲಿಗೆ ಹೋದವಳು ಗೋಡೆ ಹಿಡಿದು ಕುಸಿದಳು. "ಅತ್ತೀ" ಎಂದಷ್ಟೇ ಕೂಗಿದಳು. ಬನವ್ವ ಓಡಿ ಬಂದು ತಂಬಿಗೆಯ ನೀರು ಸುರಿದಳು. ಮುಖ ಒರೆಸಿದಳು. ಅರಿಸಿನ ಹರಿದು ಕೊರಳಿಗೆ ಇಳಿಯಿತು. ಅದನ್ನು ಒರೆಸಲು ಹೋದ ಅಂಗೈ ನೇಮವನ್ನು ಮರೆತು ನನ್ನ ಮೇಲೆ ಬಂದು ಕೂತಿತು. ಅಲ್ಲೇ ನಿಂತಿತು.

ಎಷ್ಟೋ ವರ್ಷಗಳ ಮೇಲೆ ಆ ಕೈ ನನ್ನನ್ನು ಮುಟ್ಟಿತ್ತು. ಒರಟಾಗಿತ್ತು, ತಣ್ಣಗಿತ್ತು. ನೋಡು ಬನವ್ವ, ಕೇಳು ಎಂದು ನಾನು ಮೈಯೆಲ್ಲ ಒತ್ತಿ ಹೇಳಿದೆ. ಕಸ್ತೂರಿ ನೀರು ನುಂಗಿದಳು. ನನ್ನ ಕೆಳಗಿದ್ದ ಉಬ್ಬು ಮೇಲೆದ್ದು ಕೆಳಗಿಳಿಯಿತು. ಬನವ್ವನ ಬೆರಳು ಅದರ ಜೊತೆಗೇ ಮೇಲೆದ್ದು ಕೆಳಗಿಳಿಯಿತು. ಅವಳು ಇನ್ನೊಂದು ಕೈಯಿಂದ ತನ್ನ ಬೋಳು ಕೊರಳನ್ನು ಮುಟ್ಟಿ ನೋಡಿಕೊಂಡಳು. ಮತ್ತೆ ಸೊಸೆಯದನ್ನು ಮುಟ್ಟಿದಳು.

ಅವತ್ತು ಬನವ್ವ ಒಂದು ಚೇಷ್ಟೆಯ ಮಾತನ್ನೂ ಆಡಲಿಲ್ಲ. ನನಗೆ ನಿಜವಾದ ಭಯ ಹುಟ್ಟಿದ್ದು ಆಗಲೇ.

ಮರುದಿನ ಬಾಗಲಕೋಟೆಯ ಒಂದು ದವಾಖಾನೆಗೆ ಹೋದರು. ಡಾಕ್ಟರಬಾಯಿ ಕೊರಳು ನೋಡಬೇಕು, ಇದನ್ನು ಬಿಚ್ಚಿ ಎಂದರು. ಕಸ್ತೂರಿ ಅತ್ತೆಯ ಮುಖ ನೋಡಿದಳು.

"ಹರಕಿದು ಐತ್ರಿ" ಎಂದ ಹುಚ್ಚೇಶ. "ಕೂಸು ಬರೂತನಕ ಬಿಚ್ಚಂಗಿಲ್ರಿ."

ಸಿಸ್ಟರ್ ಕತ್ತರಿ ಹಿಡಿದು ನಿಂತಿದ್ದಳು. ಬನವ್ವ ಅದನ್ನು ಇಸಿದುಕೊಂಡಳು. "ಬನಶಂಕರೀ, ತಾಯೀ, ಕತ್ತರಿಸಿದ ಕೈ ನಂದು. ಏನ್ ಮಾಡೂದಿದ್ರೂ ನನಗ ಮಾಡು" ಎಂದು ಕುಣಿಕೆಯನ್ನು ಕತ್ತರಿಸಿಬಿಟ್ಟಳು. ನಾನು ಅವಳ ಮಡಿಲಿಗೆ ಬಿದ್ದೆ. ಎರಡು ಮಣಿ ಉರುಳಿದವು, ಹುಚ್ಚೇಶ ಮಂಚದ ಕೆಳಗೆ ತೂರಿ ಹುಡುಕಿ ತಂದ. ಬನವ್ವ ನನ್ನನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು.

ಗಂಟಿನೊಳಗಿಂದಲೇ ಎಲ್ಲ ಕೇಳಿದೆ. ರಕ್ತ ತೆಗೆದರು. ವರದಿ ಬಂದ ಮೇಲೆ ಡಾಕ್ಟರಬಾಯಿ ಕೂರಿಸಿ ಹೇಳಿದರು.

"ಕೊರಳಾಗ ಥೈರಾಯ್ಡ್ ಅಂತ ಗ್ರಂಥಿ ಇರ್ತದ. ಈಕೀದು ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡಾಕತ್ತೈತಿ. ಅದಕ್ಕ ಎದಿ ಓಡ್ತೈತಿ, ಕೈ ನಡಗತಾವ, ಸೆಕಿ ತಡಿಯೂದಿಲ್ಲ, ಉಂಡದ್ದು ಮೈಗೆ ಹತ್ತೂದಿಲ್ಲ."

"ನಮ್ಮ ಓಣ್ಯಾಗ ಥೈರಾಯ್ಡ್ ಆದಾಕಿ ಉಬ್ಬಿ ಗುಡಾಣ ಆಗ್ಯಾಳ್ರಿ" ಎಂದಳು ಬನವ್ವ. "ಈಕಿ ಕಡ್ಡಿ ಆಗ್ಯಾಳ."

"ಆಕೀದು ನಿಧಾನ ಆಗಿರಬೇಕು. ಇದು ಓಟದ್ದು. ಎರಡಕ್ಕೂ ಔಷಧ ಬ್ಯಾರೆ. ಆಕಿ ಗುಳಿಗಿ ಈಕಿಗೆ ಅಪ್ಪಿತಪ್ಪಿನೂ ಕೊಡಬ್ಯಾಡ್ರಿ."

ಹೀಗೇ ಬಿಟ್ಟರೆ ಏನಾಗುತ್ತದೆ ಎಂದು ಹುಚ್ಚೇಶ ಕೇಳಿದ. ಡಾಕ್ಟರಬಾಯಿ ಮುಚ್ಚುಮರೆ ಮಾಡಲಿಲ್ಲ. ಕೂಸು ಹೊಟ್ಟೆಯಲ್ಲಿ ಬೆಳೆಯದೆ ಉಳಿಯಬಹುದು, ದಿನ ತುಂಬುವ ಮೊದಲೇ ಬರಬಹುದು, ಹೋಗಲೂಬಹುದು. ತಾಯಿಯ ರಕ್ತದೊತ್ತಡ ಏರಬಹುದು, ಗುಂಡಿಗೆ ಸೋಲಬಹುದು. ಗುಳಿಗೆ ದಿನಾ ತಪ್ಪದೆ ನುಂಗಬೇಕು, ಕೆಲವು ವಾರಕ್ಕೊಮ್ಮೆ ರಕ್ತ ತೋರಿಸಬೇಕು, ಅದನ್ನು ನೋಡಿ ಗುಳಿಗೆ ಹೆಚ್ಚು ಕಡಿಮೆ ಮಾಡುತ್ತೇವೆ. ಜ್ವರವೋ ಗಂಟಲು ನೋವೋ ಬಂದರೆ, ಕಣ್ಣು ಹಳದಿಯಾದರೆ, ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಬರಬೇಕು.

ಬನವ್ವನ ಸೊಂಟದ ಬಳಿ ನಾನು ಗಂಟಿನಲ್ಲಿ ತಣ್ಣಗಾದೆ.

ಮನೆಗೆ ಬಂದ ಮೇಲೆ ಕಸ್ತೂರಿಯ ಕೈಯಿಂದ ಮತ್ತೆ ಡಬ್ಬಿ, ಮತ್ತೆ ಜೋಳ. ಈಗ ನನ್ನ ಕೆಳಗೆ ಕೊರಳಿರಲಿಲ್ಲ. ಮೊದಲಾದರೆ ಭಯದ ಸದ್ದು ಕೇಳಿಸುತ್ತಿತ್ತು. ಈಗ ಏನೂ ಕೇಳದೆ ಇನ್ನೂ ಹೆದರಿಕೆಯಾಯಿತು. ದೂರದಿಂದ ರಾಟಿಯ ಸದ್ದು ಮಾತ್ರ ಬರುತ್ತಿತ್ತು. ಮೊದಮೊದಲು ಅದು ತುಂಡು ತುಂಡಾಗಿತ್ತು. ಆಮೇಲೆ ಸ್ವಲ್ಪ ಹೊತ್ತು ನಿಲ್ಲದೆ ತಿರುಗತೊಡಗಿತು. ಗುಳಿಗೆ ಹತ್ತುತ್ತಿದೆ ಎಂದು ಸಮಾಧಾನ ಪಟ್ಟೆ.

ಒಂದು ಬೆಳಿಗ್ಗೆ ಪೀಪಾಯಿಯ ಮುಚ್ಚಳ ತೆರೆಯಿತು, ಡಬ್ಬಿಯ ಮುಚ್ಚಳವೂ ತೆರೆಯಿತು. ಕಸ್ತೂರಿಯ ಬೆರಳು. ಒಂದು ಬಿಳಿ ಗುಳಿಗೆ ನನ್ನ ಮೈಮೇಲೆ ಬಿತ್ತು. ಮುಚ್ಚಳ ಮುಚ್ಚಿತು.

ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು.

ಯಾರೋ ಬಾವಿಕಟ್ಟೆಯಲ್ಲಿ ಹೇಳಿದ್ದರಂತೆ, ಬಸುರಿ ನುಂಗಿದ ಗುಳಿಗೆ ಕೂಸಿಗೂ ಇಳಿಯುತ್ತದೆ, ಕೂಸಿನ ಮೈಗೆ ಆಗುವುದಿಲ್ಲ ಎಂದು. ಒಂದನ್ನು ಕಳೆದುಕೊಂಡವಳಿಗೆ ಆ ಮಾತು ಸಾಕಾಯಿತು. ಹೊರಗೆ ಎಸೆದರೆ ಬನವ್ವನ ಕಣ್ಣಿಗೆ ಬೀಳುತ್ತದೆ. ಈ ಮನೆಯಲ್ಲಿ ಬನವ್ವ ಮುಟ್ಟದ ಜಾಗ ಒಂದೇ, ಮುತ್ತೈದೆಯ ಒಡವೆಯ ಡಬ್ಬಿ. ಕಸ್ತೂರಿಯ ಲೆಕ್ಕ ಸರಿಯಾಗಿತ್ತು. ದಿನಾ ನನ್ನ ಪಕ್ಕ ಒಂದೊಂದು ಗುಳಿಗೆ ಬಂದು ಮಲಗಿತು. ಅವುಗಳ ಬಿಳಿ ಪುಡಿ ನನ್ನ ಮಣಿಗಳಿಗೆ ಮೆತ್ತಿಕೊಂಡಿತು. ಬಂಗಾರಕ್ಕೆ ವಿಭೂತಿ ಬಳಿದ ಹಾಗೆ. ಹೊರಗೆ ರಾಟಿಯ ಸದ್ದು ಮತ್ತೆ ತುಂಡಾಯಿತು. ಒಂದು ದಿನ ನಿಂತೇ ಹೋಯಿತು. ಕಸ್ತೂರಿ ಹೋದಳೋ ಇದ್ದಾಳೋ ಎಂದು ತಿಳಿಯದೆ ನಾನು ಜೋಳದ ನಡುವೆ ಹೂತುಹೋಗಿದ್ದೆ. ಅಷ್ಟು ಭಯ ಪತ್ತಾರನ ಬೆಂಕಿಯಲ್ಲೂ ಆಗಿರಲಿಲ್ಲ.

ಅವತ್ತು ಡಬ್ಬಿ ತೆರೆದದ್ದು ಬನವ್ವ. ಗುಳಿಗೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಸೊಸೆಯ ಕೈ ಮತ್ತೆ ನಡುಗುತ್ತಿದೆ, ಏದುಸಿರು ಬರುತ್ತಿದೆ, ಇದೆಲ್ಲ ತಾನು ಹರಕೆಯ ದಾರ ಕತ್ತರಿಸಿದ್ದಕ್ಕೇ ಎಂದು ನಂಬಿ, ನನ್ನನ್ನು ಮತ್ತೆ ಪೋಣಿಸಿ ಕಟ್ಟಿಸಲು ಬಂದಿದ್ದಳು. ಒಮ್ಮೆ ಮುಟ್ಟಿದ ಕೈಗೆ ಮತ್ತೆ ಮುಟ್ಟುವುದು ಅಷ್ಟು ಕಷ್ಟವಾಗಲಿಲ್ಲ. ಕಸ್ತೂರಿ ಅದೊಂದನ್ನು ಲೆಕ್ಕ ಹಾಕಿರಲಿಲ್ಲ.

ನನ್ನ ಜೊತೆ ಗುಳಿಗೆಗಳು ಬನವ್ವನ ಅಂಗೈಗೆ ಉರುಳಿದವು. ಡಾಂಬರು ಗುಳಿಗೆಯೇನೋ ಎಂದು ಮೂಸಿ ನೋಡಿದಳು. ವಾಸನೆ ಇರಲಿಲ್ಲ. ಅಂಗೈಯನ್ನು ಹಾಗೇ ಹಿಡಿದುಕೊಂಡು ಸೊಸೆಯ ಮುಂದೆ ಹೋಗಿ ಕೂತಳು.

"ಇವು ಏನು, ಕಸ್ತೂರಿ?"

ಸೊಸೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ನನ್ನ ಮ್ಯಾಲಿನ ಸಿಟ್ಟು ಏನರೆ ಇದ್ರ ನನಗ ಬೈ. ಓಣಿ ಮಂದಿ ಎಲ್ಲಾ ಬೈತಾರ, ನೀನೂ ಬೈ."

"ಸಿಟ್ಟಲ್ರಿ ಅತ್ತಿ. ಕೂಸಿಗೆ ಇಳೀತಾವಂತ್ರಿ. ಇದೂ ಹೋದ್ರ ನಾ ಹೆಂಗ ತಡೀಲ್ರಿ?"

ಬನವ್ವ ಗುಳಿಗೆಗಳನ್ನು ನೆಲಕ್ಕೆ ಹಾಕಿ, ಸೊಸೆಯ ಕೊರಳಿನ ಮೇಲೆ ಅಂಗೈ ಇಟ್ಟಳು. "ನನ್ನ ಗಂಡನ ಎದಿ ಓಡಿ ಓಡಿ ಮಗ್ಗದ ಮ್ಯಾಲೇ ನಿಂತು ಹೋತು. ಅವತ್ತು ನಾ ಅಡಗಿಮನ್ಯಾಗ ಚೇಷ್ಟೆ ಮಾಡ್ಕೋತ ಕುಂತಿದ್ದೆ. ನೀ ಹಿಂಗ ಓಡಿದ್ರ ಕೂಸು ಯಾರ ಹೊಟ್ಯಾಗ ಇರಬೇಕವಾ?" ಆಮೇಲೆ ಮಗನನ್ನು ಕೂಗಿ ಗಾಡಿ ತರಿಸಿದಳು.

ನಾನು ಮತ್ತೆ ಅವಳ ಸೆರಗಿನ ಗಂಟು ಸೇರಿದೆ.

ದವಾಖಾನೆಯಲ್ಲಿ ಮಲಗಿಸಿಕೊಂಡರು. ಡಾಕ್ಟರಬಾಯಿಯ ಸಿಟ್ಟು ಗಂಟಿನೊಳಗೂ ಬಿಸಿಯಾಗಿ ತಾಗಿತು. ಆಮೇಲೆ ತಣ್ಣಗಾಗಿ ಕಸ್ತೂರಿಯ ಪಕ್ಕ ಕೂತರು. "ಗುಳಿಗಿ ಸ್ವಲ್ಪ ಕೂಸಿಗೂ ಹೋಗ್ತದ, ಸುಳ್ಳಲ್ಲ. ಅದಕ್ಕ ಎಷ್ಟು ಕಡಿಮಿ ಸಾಕೋ ಅಷ್ಟೇ ಕೊಡ್ತೀವಿ. ಅದಕ್ಕ ಮ್ಯಾಲಿಂದ ಮ್ಯಾಲೆ ರಕ್ತ ನೋಡ್ತೀವಿ. ಆದ್ರ ಗುಳಿಗಿ ಬಿಟ್ರ ಆಗೂ ಕೇಡು ಅದಕ್ಕಿಂತ ದೊಡ್ಡದು. ಇದನ್ನ ನನ್ನ ಕೇಳಬೇಕಿತ್ತು, ಬಾವಿಕಟ್ಟಿನ ಅಲ್ಲ" ಎಂದರು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿಸಿದರು. ಪುಟ್ಟ ಮಗ್ಗವೊಂದು ಅವಸರದಲ್ಲಿ ನೇಯುತ್ತಿರುವ ಸದ್ದು.

"ಇದೂ ಓಡಾಕತ್ತೈತೇನ್ರಿ?" ಬನವ್ವನ ಕೈ ಗಂಟನ್ನು ಹಿಸುಕಿತು. ನನ್ನ ಒಂದು ಮಣಿ ಅಲ್ಲೇ ನುಗ್ಗಾಯಿತು.

"ಕೂಸಿಂದು ಇಷ್ಟು ಇರ್ತದ, ಅವ್ವಾ. ಇದಕ್ಕಿಂತ ಏರಬಾರದು. ನೋಡ್ತಿರ್ತೀವಿ."

ನೋಡುತ್ತಿರುತ್ತೇವೆ ಎಂಬ ಆ ಮಾತಿನ ಮೇಲೆಯೇ ಉಳಿದ ತಿಂಗಳುಗಳು ನಡೆದವು. ಪ್ರತಿಸಲ ರಕ್ತ ಕೊಟ್ಟು ವರದಿಗೆ ಕಾಯುವಾಗ ಬನವ್ವ ಬೆಂಚಿನ ತುದಿಯಲ್ಲಿ ಕೂತು ನನ್ನನ್ನು ಹೊಸಕುತ್ತಿದ್ದಳು. ಗುಳಿಗೆ ಒಮ್ಮೆ ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು. ಮನೆಯಲ್ಲಿ ದಿನಾ ಬೆಳಿಗ್ಗೆ ಕಸ್ತೂರಿ ಗುಳಿಗೆ ನುಂಗಿ ಅತ್ತೆಯ ಮುಂದೆ ಬಾಯಿ ತೆರೆದು ತೋರಿಸಬೇಕು. "ನಾಲಿಗಿ ಎತ್ತು. ಅಲ್ಲಿ ಒಂದು ಎಮ್ಮಿ ಬಚ್ಚಿಟ್ರೂ ಗೊತ್ತಾಗೂದಿಲ್ಲ" ಎನ್ನುವಳು ಬನವ್ವ. ಚೇಷ್ಟೆ ಮರಳಿತು. ಆದರೆ ನನ್ನನ್ನು ಕಟ್ಟಿದ ಸೆರಗಿನ ಗಂಟನ್ನು ಅವಳು ರಾತ್ರಿಯೂ ಬಿಚ್ಚಲಿಲ್ಲ.

ನೋವು ದಿನ ತುಂಬುವ ಮೊದಲೇ ಬಂತು. ದವಾಖಾನೆಯ ಹೆರಿಗೆ ಕೋಣೆಯ ಬಾಗಿಲ ಹೊರಗೆ ಬನವ್ವ ನಿಂತಳು. ಒಳಗಿನಿಂದ ಕಸ್ತೂರಿಯ ಕೂಗು, ಪಾತ್ರೆಗಳ ಸದ್ದು, ಆಮೇಲೆ ಏನೂ ಇಲ್ಲ. ಜೋಳದೊಳಗೆ ಹೂತಿದ್ದಾಗಲೂ ಅಂಥ ನಿಶ್ಶಬ್ದ ಕೇಳಿರಲಿಲ್ಲ. ನಾನು ಬನಶಂಕರಿಯನ್ನು ಕರೆದೆ, ಹುಚ್ಚೇಶ್ವರ ದೇವರನ್ನು ಕರೆದೆ, ನನ್ನನ್ನು ಮಾಡಿದ ಪತ್ತಾರನನ್ನೂ ಕರೆದೆ.

ಹೆಣ್ಣುಕೂಸು ಅತ್ತಿತು. ಲಾಳಿಯಷ್ಟು ಉದ್ದ, ಕಂಡಿಕೆಯಷ್ಟು ದಪ್ಪ ಎಂದು ಬನವ್ವ ಆಮೇಲೆ ಊರಿಗೆ ಹೇಳಿದಳು. ಅಷ್ಟೇನೂ ಸಣ್ಣದಿರಲಿಲ್ಲ, ಆದರೂ ಸಣ್ಣದೇ. ತಾಯಿಯ ರಕ್ತದ ದೋಷ ಕೂಸಿಗೂ ದಾಟಿರಬಹುದೆಂದು ಅದರ ಹಿಮ್ಮಡಿಯಿಂದ ರಕ್ತ ತೆಗೆದರು. ಮತ್ತೆ ಕಾಯುವುದು, ಮತ್ತೆ ಬೆಂಚು. ಸದ್ಯಕ್ಕೆ ಏನೂ ಇಲ್ಲ, ಇನ್ನೊಮ್ಮೆ ನೋಡೋಣ ಎಂದರು. ಇನ್ನೊಮ್ಮೆಯೂ ಏನೂ ಇರಲಿಲ್ಲ. ಆಗ ಬನವ್ವ ದವಾಖಾನೆಯ ನೆಲದ ಮೇಲೆಯೇ ಕೂತು ಸೆರಗು ಮುಖಕ್ಕೆ ಒತ್ತಿಕೊಂಡಳು. ನಾನು ನೆನೆದುಹೋದೆ.

ತೊಟ್ಟಿಲಿಗೆ ಹಾಕುವ ದಿನ ಮಾರುತಿ ಬಂದ. ಟೀಕಿಯನ್ನು ಮೊದಲಿನಂತೆ ಪೋಣಿಸಲೇ ಎಂದು ಕೇಳಿದ. "ಬ್ಯಾಡ" ಎಂದಳು ಬನವ್ವ. "ಉದ್ದ ಮಾಡು. ಎದಿ ಮ್ಯಾಲೆ ಬೀಳಲಿ. ಆಕಿ ಕೊಳ್ಳು ನನ್ನ ಕಣ್ಣಿಗೆ ಕಾಣಬೇಕು." ಶಾಂತವ್ವ ಕಟ್ಟಲು ಕೈ ಚಾಚಿದಳು. ಕಸ್ತೂರಿ ಸರಿದು ಅತ್ತೆಯ ಮುಂದೆ ಕೂತು ತಲೆ ತಗ್ಗಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬನವ್ವನೇ ಕಟ್ಟಿದಳು.

ಈಗ ನನಗೆ ವಯಸ್ಸಾಗಿದೆ. ಅರಗು ಅಲ್ಲಲ್ಲಿ ಉದುರಿದೆ, ಒಂದು ಮಣಿಯ ಮೇಲೆ ಆ ಕೂಸಿನ ಮೊದಲ ಹಲ್ಲಿನ ಗುರುತಿದೆ. ಟೀಕಿ ಎಂದು ಯಾರಾದರೂ ಕರೆದರೆ ನನಗೇ ನಗು ಬರುತ್ತದೆ. ಕೊರಳು ಬಿಟ್ಟು ಎದೆಗೆ ಇಳಿದವಳು ನಾನು. ಕಸ್ತೂರಿಯ ಕಾಯಿಲೆ ಪೂರ್ತಿ ಹೋಗಿಲ್ಲ. ಹೆರಿಗೆಯ ಮೇಲೆ ಒಮ್ಮೆ ಮತ್ತೆ ಏರಿತು, ಗುಳಿಗೆ ಬದಲಾಯಿತು. ಇವತ್ತಿಗೂ ಅವಳು ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತಿ ಎದೆಬಡಿತ ಜೋರಾದರೆ ನನ್ನ ಮಣಿಗಳೆಲ್ಲ ಹೆದರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಅವಳು ಬಾಯಿ ತೆರೆದು ತೋರಿಸುವಾಗ ಪಕ್ಕದಲ್ಲಿ ಮಗಳೂ ಬಾಯಿ ತೆರೆದು ನಿಲ್ಲುತ್ತಾಳೆ.

ಬನವ್ವನ ಕಣ್ಣು ಈಗ ಮಂಜಾಗಿದೆ. ಸೊಸೆಯ ಕೊರಳು ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಎಣ್ಣೆ ಹಚ್ಚುವ ನೆಪ ಮಾಡಿ ಕರೆದು ಕೂರಿಸಿಕೊಳ್ಳುತ್ತಾಳೆ. ಊರಿನ ಮೇಲೆಲ್ಲ ಸುಳ್ಳು ಹೇಳುತ್ತಾ ಎಣ್ಣೆ ಹಚ್ಚುತ್ತಾಳೆ. ಕೊರಳಿಗೆ ಬಂದಾಗ ಮಾತು ನಿಲ್ಲಿಸುತ್ತಾಳೆ. ಅಂಗೈ ಅಲ್ಲಿ ಕೂರುತ್ತದೆ, ಎಣ್ಣೆಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು. ಕೆಳಗೆ ಎದೆಯ ಮೇಲೆ ನಾನು, ಮೇಲೆ ಕೊರಳಿನ ಮೇಲೆ ಅವಳ ಕೈ. ಇಬ್ಬರೂ ಕೇಳುತ್ತೇವೆ.

ಟಪ್ಪೆಂದು ಒಂದು. ಸ್ವಲ್ಪ ಬಿಟ್ಟು ಇನ್ನೊಂದು.

"ಏಳವಾ" ಎನ್ನುತ್ತಾಳೆ ಬನವ್ವ. "ಇವತ್ತಿಂದು ಆತು."